ನಿಂತ ಮಗ್ಗವೆಲ್ಲ ಕೆಟ್ಟ ಮಗ್ಗವಲ್ಲ

ನಮ್ಮೂರು ಕರುಮತ್ತಂಪಟ್ಟಿ ಕೊಯಮತ್ತೂರಿನಿಂದ ಅವಿನಾಶಿಗೆ ಹೋಗುವ ಹೆದ್ದಾರಿಯಲ್ಲಿದೆ. ಸುತ್ತಲೂ ವಿದ್ಯುತ್ ಮಗ್ಗಗಳ ಸದ್ದು. ನಮಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ಯಾರಿಗಾದರೂ ಕ್ಯಾನ್ಸರ್ ಬಂತೆಂದರೆ “ಮೈಯಲ್ಲಿ ತಾಕತ್ತಿರಲಿಲ್ಲ” ಎಂಬ ಮಾತನ್ನು ಎರಡು ಭಾಷೆಗಳಲ್ಲಿಯೂ ಕೇಳಿದ್ದೇವೆ. ನಮ್ಮ ಸೋದರತ್ತೆಯ ಎದೆಯಲ್ಲಿ ಗಂಟು ಕಂಡಾಗಲೂ ನೆಂಟರಿಷ್ಟರು ಹೀಗೆಯೇ ಅಂದರು. ಮೂವತ್ತು ವರ್ಷ ಮಗ್ಗದ ಮುಂದೆ ನಿಂತು ದುಡಿದ ಜೀವಕ್ಕೆ ರೋಗಕ್ಕಿಂತ ಆ ಮಾತೇ ಹೆಚ್ಚು ನೋವು ತಂದಿತು. ನಾವು ಕನ್ನಡ ಬೋಧಿಸುವವರು. ಆದರೂ ಆ ಮಾತು ನಿಜವೇ ಎಂದು ಓದಿ ತಿಳಿಯಬೇಕೆನಿಸಿತು.

1882ರಲ್ಲಿ ಇಟಲಿಯ ಮೆಸ್ಸೀನದಲ್ಲಿದ್ದ ವಿಜ್ಞಾನಿ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಗಳಿಗೆ ಗುಲಾಬಿಯ ಮುಳ್ಳು ಚುಚ್ಚಿದರು. ಮಾರನೆಯ ಬೆಳಿಗ್ಗೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. ಹೀಗೆ ಪರಕೀಯ ವಸ್ತುವನ್ನು ನುಂಗುವ ದೊಡ್ಡ ಕೋಶಗಳಿಗೆ ಅವರು ಮ್ಯಾಕ್ರೋಫೇಜ್, ಅಂದರೆ ‘ದೊಡ್ಡ ಭಕ್ಷಕ’, ಎಂದು ಹೆಸರಿಟ್ಟರು. 1908ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ದೊರೆಯಿತು.

ವಿದ್ಯಾರ್ಥಿಗಳೇ, ಈ ಭಕ್ಷಕನಿಗೆ ಎರಡು ಕೆಲಸಗಳುಂಟು. ಮೊದಲನೆಯದು ರೋಗಾಣುಗಳನ್ನು ನುಂಗುವುದು. ಎರಡನೆಯದು, ಹೋರಾಟ ಮುಗಿದ ಮೇಲೆ ಗದ್ದಲವನ್ನು ಅಡಗಿಸಿ, ಹೊಸ ರಕ್ತನಾಳಗಳನ್ನು ಬೆಳೆಸಿ, ಗಾಯ ಮಾಯಿಸುವುದು. ಕ್ಯಾನ್ಸರ್ ಗೆಡ್ಡೆ ಮಾಯದ ಗಾಯದಂತೆ ಎಂದು 1986ರಲ್ಲಿ ಹೆರಾಲ್ಡ್ ಡ್ವೊರಾಕ್ ವಿವರಿಸಿದರು. ಗೆಡ್ಡೆಯು ರಾಸಾಯನಿಕ ಸಂಕೇತಗಳಿಂದ ಭಕ್ಷಕರನ್ನು ಕರೆಸಿಕೊಂಡು, ಅವರಲ್ಲಿ ಬಹುಮಂದಿಯನ್ನು ಎರಡನೆಯ ಕೆಲಸಕ್ಕೇ ಹಚ್ಚುತ್ತದೆ. ಆಗ ಅವು ಇಂಟರ್‌ಲ್ಯೂಕಿನ್-10ರಂತಹ ಶಮನಕಾರಿ ದ್ರವ್ಯಗಳನ್ನು ಸ್ರವಿಸುತ್ತವೆ. ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ‘ಟಿ’ ಕೋಶಗಳಿಗೆ ಅವಶ್ಯವಾದ ಆರ್ಜಿನೀನ್ ಎಂಬ ಪೋಷಕಾಂಶವನ್ನು ಖರ್ಚುಮಾಡುತ್ತವೆ. ಪಿಡಿ-ಎಲ್1 ಎಂಬ ಪ್ರೋಟೀನನ್ನು ತೋರಿಸಿ ಆ ಸೈನಿಕರನ್ನು ತಡೆದು ನಿಲ್ಲಿಸುತ್ತವೆ.

ಆದ್ದರಿಂದ ದೇಹದಲ್ಲಿ ಶಕ್ತಿ ಇರಲಿಲ್ಲವೆನ್ನುವುದು ಸಲ್ಲದು. ಇದ್ದ ಶಕ್ತಿಗೆ ತಡೆ ಬಿದ್ದಿರುತ್ತದೆ. ಮಗ್ಗ ನಿಂತಿದೆಯೆಂದ ಮಾತ್ರಕ್ಕೆ ಕೆಟ್ಟಿದೆಯೆಂದು ನೇಕಾರರು ಹೇಳುತ್ತಾರೆಯೇ? ಟಿ ಕೋಶಗಳ ತಡೆಯನ್ನು ಸಡಿಲಿಸುವ ದಾರಿ ತೋರಿಸಿದ ಆಲಿಸನ್ ಮತ್ತು ಹೊಂಜೊ ಅವರಿಗೆ 2018ರಲ್ಲಿ ನೊಬೆಲ್ ಸಂದಿತು. ಆ ಔಷಧಿಗಳು ಎಲ್ಲರಿಗೂ ಫಲಿಸವು. ಕೆಲವರಿಗೆ ಮಾತ್ರ ಮರುಜೀವ ಕೊಟ್ಟಿವೆ. ಭಕ್ಷಕರನ್ನೇ ಮತ್ತೆ ಹೋರಾಟಕ್ಕೆ ತಿರುಗಿಸುವ ಪ್ರಯೋಗಗಳೂ ನಡೆದಿವೆ.

ನೀವು ಮನೆಗೆ ಒಯ್ಯಬೇಕಾದ ಪಾಠ ಚಿಕ್ಕದು. ರೋಗಿಯನ್ನು ದುರ್ಬಲರೆಂದು ಹಳಿಯಬೇಡಿ. ಹಳಿದರೆ ಅವರು ಗಂಟನ್ನು ಸೆರಗಿನ ಮರೆಯಲ್ಲಿ ಬಚ್ಚಿಡುತ್ತಾರೆ. ಧೈರ್ಯ ಹೇಳಿ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.