ಹುಳಿ ಪಾತ್ರೆ ಕಲಿಸಿದ ಪಾಠ

ಯುಗಾದಿ ಊಟಕ್ಕೆ ಹುಳಿ ತರುವ ಕೆಲಸ ಈ ಸಲ ನಮ್ಮ ಪಾಲಿಗೆ ಬಂದಿತ್ತು. ದೊಡ್ಡ ಸ್ಟೀಲ್ ಪಾತ್ರೆಯನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು, ಪಕ್ಕದಲ್ಲಿ ಹಾಸನದಿಂದ ಬಂದಿದ್ದ ಅಮ್ಮನನ್ನು ಕೂರಿಸಿಕೊಂಡು ಹ್ಯಾರೋದಿಂದ ಹೊರಟೆವು. "ಬೆಲ್ಟ್ ಹಾಕ್ಕೋಮ್ಮ" ಎಂದರೆ, "ಹಿಂದೆ ಕೂತವರಿಗೆ ಅದೆಲ್ಲ ಯಾಕ್ರಪ್ಪಾ? ಸೀರೆ ನೆರಿಗೆ ಮುದುರುತ್ತೆ" ಎಂದರು. ಬ್ರಿಟನ್ನಿನಲ್ಲಿ ಮುಂದೆ ಕೂರುವವರಿಗೆ 1983ರಿಂದ, ಹಿಂದೆ ಕೂರುವ ದೊಡ್ಡವರಿಗೆ 1991ರಿಂದ ಬೆಲ್ಟ್ ಕಡ್ಡಾಯ. ಅದು ಗೊತ್ತಿದ್ದೂ, ಹಬ್ಬದ ದಿನ ಹಿರಿಯರಿಗೆ ಎದುರು ಮಾತೇಕೆಂದು ಸುಮ್ಮನಾದೆವು.

ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ ಮುಂದಿದ್ದ ವ್ಯಾನು ಗಕ್ಕನೆ ನಿಂತಿತು. ನಾವೂ ಬ್ರೇಕ್ ಒತ್ತಿದೆವು. ಕಾರು ನಿಂತಿತು, ಹುಳಿ ನಿಲ್ಲಲಿಲ್ಲ. ಅಮ್ಮನೂ ನಿಲ್ಲಲಿಲ್ಲ. ಮುಂದಿನ ಸೀಟಿಗೆ ಬಡಿದು ಅವರ ಕನ್ನಡಕ ಮುರಿಯಿತು, ಹಣೆ ಊದಿಕೊಂಡಿತು. ಪುಣ್ಯಕ್ಕೆ ಹುಳಿ ಆರಿತ್ತು. "ನನಗೇನೂ ಆಗಿಲ್ಲ, ಹುಳಿ ಹೋಯ್ತಲ್ರೋ" ಎಂದು ಅವರು ಪೇಚಾಡಿದರು. ನಮಗೆ ಮಾತ್ರ ಕೈ ನಡುಕ ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಹೈಸ್ಕೂಲಿನಲ್ಲಿ ಜಡತ್ವದ ಪಾಠವನ್ನು ಬಾಯಿಪಾಠ ಮಾಡಿದವರೇ ನಾವು: ಹೊರಗಿನ ಬಲ ಬೀಳದ ಹೊರತು ನಿಂತದ್ದು ನಿಂತೇ ಇರುತ್ತದೆ, ಚಲಿಸುವುದು ಅದೇ ವೇಗದಲ್ಲಿ ನೇರವಾಗಿ ಸಾಗುತ್ತದೆ. ಈ ನಿಯಮವಿರುವ ನ್ಯೂಟನ್ನನ 'ಪ್ರಿನ್ಸಿಪಿಯಾ' 1687ರಲ್ಲಿ ಅಚ್ಚಾದದ್ದು ಇದೇ ಲಂಡನ್ನಿನಲ್ಲಿ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿರುವ ಅವನ ಸಮಾಧಿಯನ್ನು ಬಂದ ನೆಂಟರಿಗೆಲ್ಲ ತೋರಿಸಿದ್ದೇವೆ. ನಿಯಮ ಅರ್ಥವಾದದ್ದು ಮಾತ್ರ ಅಂದು. ಬ್ರೇಕು ಹಿಡಿಯುವುದು ಚಕ್ರವನ್ನು, ನಮ್ಮನ್ನಲ್ಲ. ಗಂಟೆಗೆ 30 ಮೈಲಿ ವೇಗದ ಕಾರು ಗೋಡೆಗೆ ಗುದ್ದಿ ನಿಂತರೆ, ಬೆಲ್ಟಿಲ್ಲದೆ ಹಿಂದೆ ಕೂತವರು ಹೆಚ್ಚುಕಡಿಮೆ ಅದೇ ವೇಗದಲ್ಲಿ ಮುಂದಿನ ಸೀಟಿಗೆ ಅಪ್ಪಳಿಸುತ್ತಾರೆ. ಅದು ಸುಮಾರು 9 ಮೀಟರ್, ಅಂದರೆ ಮೂರಂತಸ್ತಿನ ಎತ್ತರದಿಂದ ಬಿದ್ದ ಹಾಗೆ. ಮುಂದೆ ಕೂತವರಿಗೂ ಅಪಾಯ ತಪ್ಪಿದ್ದಲ್ಲ.

ತಮಾಷೆಯೆಂದರೆ ಬೆಲ್ಟ್ ಕೆಲಸ ಮಾಡುವುದೂ ಜಡತ್ವದಿಂದಲೇ. ಅನೇಕ ಕಾರುಗಳಲ್ಲಿ ಬೆಲ್ಟಿನ ಸುರುಳಿಯ ಬಳಿ ಒಂದು ಪುಟ್ಟ ಗುಂಡು ಇರುತ್ತದೆ. ಕಾರು ಗಕ್ಕನೆ ನಿಂತಾಗ ಅದು ಮುಂದಕ್ಕುರುಳಿ ಕೊಂಡಿಯನ್ನೆತ್ತುತ್ತದೆ, ಸುರುಳಿ ಬಿಗಿದುಕೊಳ್ಳುತ್ತದೆ. ಮೆಲ್ಲಗೆ ಎಳೆದರೆ ಬರುವ ಬೆಲ್ಟು ಜಗ್ಗಿದೊಡನೆ ಹಿಡಿದುಕೊಳ್ಳುವುದನ್ನು ಅಮ್ಮ ಮರುದಿನ ಎರಡು ಮೂರು ಸಲ ಎಳೆದು ನೋಡಿದರು.

ಅಂದು ಹುಳಿಯಿಲ್ಲದೆ ತಿಳಿಸಾರಿನಲ್ಲೇ ಸುಧಾರಿಸಿಕೊಂಡ ಬಂಧುಗಳ ಕ್ಷಮೆ ಕೋರುತ್ತೇವೆ. ಊರಿನಿಂದ ಬಂದ ಹಿರಿಯರಿಗೆ ಎದುರಾಡುವುದು ನಮ್ಮ ರೂಢಿಯಲ್ಲ, ನಿಜ. ಆದರೆ ಈ ಒಂದು ವಿಷಯದಲ್ಲಿ ದಯವಿಟ್ಟು ಎದುರಾಡಿ. ಅಮ್ಮ ಊರಿಗೆ ಮರಳುವವರೆಗೂ ಕಾರು ಹತ್ತಿದೊಡನೆ ತಾವೇ ಮೊದಲು ಬೆಲ್ಟ್ ಹಾಕಿಕೊಂಡು, "ನಿಮ್ಮದಾಯ್ತೇನ್ರೋ?" ಎಂದು ಕೇಳುತ್ತಿದ್ದರು.