ಮಕ್ಕಳ ರೋಬೋ, ದೊಡ್ಡವರ ಕೈ

ಶಾಲೆಯ ರೋಬೋ ಸ್ಪರ್ಧೆಗೆ ಹೆಸರು ಕೊಟ್ಟು ಬರುವ ಮಕ್ಕಳು ನಮ್ಮ ಸದಸ್ಯರ ಮನೆಗಳಲ್ಲೂ ಇದ್ದಾರೆ. ನಮ್ಮ ಮಗಳೂ ಅವರಲ್ಲೊಬ್ಬಳು. ಶುಕ್ರವಾರ, ಶನಿವಾರ ಬಂದರೆ ಅಲ್ ಹೈಲ್‌ನ ನಮ್ಮ ಫ್ಲಾಟಿನಲ್ಲಿ ಊಟದ ಮೇಜು ಗೋಡೆಗೆ ಸರಿಯುತ್ತದೆ. ನೆಲದ ತುಂಬ ಬಿಳಿ ಹಾಳೆ, ಕಪ್ಪು ಟೇಪು. ಹೊಸದಾಗಿ ಆರಂಭಿಸುವ ಮನೆಗಳಿಗೆ ಅನುಕೂಲವಾಗಲೆಂದು ಈ ನಾಲ್ಕು ಮಾತು.

ಕಂಪ್ಯೂಟರ್ ಭಾಷೆ ಬಾರದೆಂದು ಹೆದರಬೇಕಾಗಿಲ್ಲ. 1998ರಲ್ಲಿ ಲೆಗೋ ಕಂಪನಿಯ ಮೈಂಡ್‌ಸ್ಟಾರ್ಮ್ಸ್ ಪೆಟ್ಟಿಗೆ ಬಂದಾಗಿನಿಂದಲೇ, ಸಾಲು ಸಾಲು ಟೈಪು ಮಾಡುವ ಬದಲು ಪರದೆಯ ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ ರೋಬೋ ಓಡಿಸುವ ಪದ್ಧತಿ ಇದೆ. ಆ ಹೆಸರು ಸೀಮೋರ್ ಪ್ಯಾಪರ್ಟ್ 1980ರಲ್ಲಿ ಬರೆದ ಪುಸ್ತಕದ್ದು. ಮಕ್ಕಳು ಕಂಪ್ಯೂಟರಿಗೆ ಕಲಿಸುತ್ತ ತಾವು ಕಲಿಯಬೇಕು ಎಂಬುದು ಅವರ ವಿಚಾರ. ನಮ್ಮಲ್ಲಿರುವುದು 2020ರಲ್ಲಿ ಬಂದ ಸ್ಪೈಕ್ ಪ್ರೈಮ್. ಅದರ ತುಂಡುಗಳು ಸ್ಕ್ರ್ಯಾಚ್ ಮಾದರಿಯವು.

ಮೊದಲ ದಿನ ಕಂಪ್ಯೂಟರ್ ಬೇಡ, ಅಳತೆ ಪಟ್ಟಿ ಸಾಕು. ಗಾಲಿಯ ವ್ಯಾಸ 5.6 ಸೆಂ.ಮೀ. ಆದರೆ ಒಂದು ಸುತ್ತಿಗೆ ರೋಬೋ ಸುಮಾರು 17.6 ಸೆಂ.ಮೀ. ಸಾಗುತ್ತದೆ. 88 ಸೆಂ.ಮೀ. ಹೋಗಬೇಕೇ? ಐದು ಸುತ್ತು. ಎರಡು ಗಾಲಿಗಳ ನಡುವೆ 11.2 ಸೆಂ.ಮೀ. ಇದ್ದರೆ, ನಿಂತಲ್ಲೇ ಕಾಲು ತಿರುವು ತಿರುಗಲು ಒಂದು ಗಾಲಿ ಮುಂದಕ್ಕೆ ಅರ್ಧ ಸುತ್ತು, ಇನ್ನೊಂದು ಹಿಂದಕ್ಕೆ ಅರ್ಧ ಸುತ್ತು. ಲೆಕ್ಕ ಮೊದಲು, ತುಂಡು ಆಮೇಲೆ.

ಎರಡನೆಯ ಪಾಠ ಕಪ್ಪು ಗೆರೆಯ ಅಂಚು ಹಿಡಿದು ನಡೆಸುವುದು. ಬಣ್ಣದ ಸೆನ್ಸರ್ ಕಪ್ಪಿನ ಮೇಲೆ 20, ಬಿಳಿಯ ಮೇಲೆ 90 ತೋರಿಸಿದರೆ ನಡುವಿನ 55 ಗಡಿ. ಅದಕ್ಕಿಂತ ಕಡಿಮೆಯಾದರೆ ಒಂದು ಕಡೆ, ಹೆಚ್ಚಾದರೆ ಇನ್ನೊಂದು ಕಡೆ. ಬಾಲ್ಕನಿಯ ಬಿಸಿಲು ಒಳಗೆ ಬಿದ್ದರೆ ಈ ಅಂಕಿ ಬದಲಾಗಬಹುದು. ಆದ್ದರಿಂದ ಜಾಗ ಬದಲಿಸಿದಾಗಲೆಲ್ಲ ಮತ್ತೆ ಅಳೆಯಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಎರಡು ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು.

ಇನ್ನು ದೊಡ್ಡವರ ಕೈ. ರೋಬೋ ಗೋಡೆಗೆ ಮುಖವಿಟ್ಟು ನಿಂತಾಗ ಮೌಸ್ ಕಸಿದುಕೊಳ್ಳುವ ಆಸೆ ಯಾವ ತಂದೆತಾಯಿಗೂ ಬಂದೀತು. ಆದರೆ 2004ರಲ್ಲಿ ಸಿಂಗಪುರದಲ್ಲಿ ಆರಂಭವಾಗಿ, 2015ರಲ್ಲಿ ನಮ್ಮ ನೆರೆಯ ದೋಹಾಕ್ಕೂ ಬಂದಿದ್ದ ವರ್ಲ್ಡ್ ರೋಬೋಟ್ ಒಲಿಂಪಿಯಾಡ್‌ನಲ್ಲಿ ಸ್ಪರ್ಧೆಯ ಹೊತ್ತಿಗೆ ತರಬೇತುದಾರರೂ ಸಲಹೆ ಕೊಡುವಂತಿಲ್ಲ. ಅಂಕಣದಲ್ಲಿ ಇರುವವರು ಮಕ್ಕಳು ಮಾತ್ರ. ಈ ನಿಯಮ ನಮಗೆ ಹಿಡಿಸಿದೆ. ಹನ್ನೆರಡನೆಯ ತರಗತಿ ಮುಗಿದರೆ ನಮ್ಮ ಮಕ್ಕಳು ಊರಿಗೋ ಮತ್ತೊಂದು ದೇಶಕ್ಕೋ ಹೊರಡುವವರು. ಅಲ್ಲಿ ದಾರಿ ತಪ್ಪಿದಾಗ ನಿಂತು, ಅಳೆದು, ಇನ್ನೊಮ್ಮೆ ನೋಡುವವರು ಅವರೇ ಆಗಬೇಕು. ಅದಕ್ಕೇ ನಾವಿಬ್ಬರೂ ಕೈಕಟ್ಟಿ ಸೋಫಾದ ಮೇಲೆ ಕೂರುತ್ತೇವೆ. ಸುಲಭವೇನಲ್ಲ!

ನಾವು ಕೇಳುವುದು ಒಂದೇ: "ಇದು ಏನು ಮಾಡುತ್ತೆ, ಕನ್ನಡದಲ್ಲಿ ಹೇಳು." ಕಳೆದ ವಾರ ಫೋನಿನಲ್ಲಿ ಅಜ್ಜಿಗೂ ಹೇಳಿದಳು: "ಕಪ್ಪು ಕಂಡರೆ ಎಡಕ್ಕೆ ಅಜ್ಜಿ, ಇಲ್ಲದಿದ್ದರೆ ಬಲಕ್ಕೆ, ಅಷ್ಟೇ." ಅಜ್ಜಿಗೆ ಅರ್ಥವಾಯಿತು. ಮಗಳಿಗೆ ಇನ್ನೂ ಚೆನ್ನಾಗಿ ಅರ್ಥವಾಯಿತು.

ಪೆಟ್ಟಿಗೆ ದುಬಾರಿ. ಎರಡು ಮೂರು ಮನೆಯವರು ಸೇರಿ ಒಂದನ್ನು ಕೊಂಡರೂ ಸಾಕು. ಮಕ್ಕಳಿಗೆ ತಂಡವೂ ಆದಂತಾಯಿತು. ಆಸಕ್ತರು ಮುಂದಿನ ಸಂಘದ ಕಾರ್ಯಕ್ರಮದಲ್ಲಿ ನಮ್ಮನ್ನು ಕಾಣಬಹುದು. ಕಪ್ಪು ಟೇಪು ನಮ್ಮಲ್ಲಿ ಬೇಕಾದಷ್ಟಿದೆ.