ಮಲಪ್ರಭೆಯ ದಂಡೆಯಿಂದ ಲಂಡನ್ ಮಂತ್ರಿಮಂಡಲಕ್ಕೆ

ಗೋಕಾಕ ತಾಲೂಕಿನ ಮೇಲವಂಕಿಯಿಂದ ಪ್ರವಾಸಕ್ಕೆ ಹೊರಟವರು ಸಾಮಾನ್ಯವಾಗಿ ಹಿಡಿಯುವುದು ಗೋಕಾಕ ಫಾಲ್ಸಿನ ಹಾದಿ. 52 ಮೀಟರ್ ಎತ್ತರದಿಂದ ಘಟಪ್ರಭೆ ಧುಮುಕುವುದನ್ನು ಕಣ್ತುಂಬ ನೋಡಿ, ತೂಗುಸೇತುವೆಯ ಫೋಟೋ ತೆಗೆದು, ಕರದಂಟು ಕಟ್ಟಿಸಿಕೊಂಡು ಮರಳಿದರೆ ಪ್ರವಾಸ ಮುಗಿಯಿತು. ಆದರೆ ಗೋಕಾಕದಿಂದ ದಕ್ಷಿಣಕ್ಕೆ, ಯರಗಟ್ಟಿಯ ಮೇಲೆ ಹಾಯ್ದು ಮುನವಳ್ಳಿಗೆ ಹೋಗುವವರು ವಿರಳ. ಅಲ್ಲಿ ಹರಿಯುವುದು ಮಲಪ್ರಭೆ. ಇಂಗ್ಲೆಂಡಿನ ಇತಿಹಾಸವೆಂದು ಮಕ್ಕಳು ಬಾಯಿಪಾಠ ಮಾಡುವ ಒಂದು ಅಧ್ಯಾಯದ ಬೇರು ಈ ಹೊಳೆಯ ದಂಡೆಯಲ್ಲೂ ಇದೆ.

ಇಸವಿ 1800, ಜುಲೈ 30. ಚನ್ನಗಿರಿಯ ಧೋಂಡಿಯ ವಾಘನ ದಂಡು ಮುನವಳ್ಳಿಯ ಎದುರಿಗೆ ಹೊಳೆಯ ಅಂಚಿನಲ್ಲಿ ಬೀಡುಬಿಟ್ಟಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಂದ ಧೋಂಡಿಯ, 'ಉಭಯ ಲೋಕಾಧೀಶ್ವರ' ಎಂಬ ಬಿರುದು ಧರಿಸಿ ಸಾವಿರಾರು ಸವಾರರನ್ನು ಕೂಡಿಸಿದ್ದ. ಅವನ ಬೆನ್ನು ಹತ್ತಿ ಬಂದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಆ ದಿನ ಧೋಂಡಿಯ ಸಿಗಲಿಲ್ಲ, ಬೀಡು ಸಿಕ್ಕಿತು. ಆರು ಫಿರಂಗಿ ವಶವಾದವು, ಸುಮಾರು 5,000 ಜನ ಹೊಳೆಗಟ್ಟಲ್ಪಟ್ಟು ಮುಳುಗಿದರು ಎಂದು ವೆಲ್ಲೆಸ್ಲಿಯೇ ಥಾಮಸ್ ಮನ್ರೋಗೆ ಪತ್ರ ಬರೆದ. ಬಬ್ಬರ್ ಜಂಗ್ ಎಂಬ ಸರದಾರ ಕವಚ ತೊಟ್ಟು, ಕುದುರೆಯೇರಿ ನೀರಿಗಿಳಿದು ಮುಳುಗಿದನಂತೆ. ಅವನದೊಂದು ಹೆಸರು ಉಳಿಯಿತು. ಮಿಕ್ಕವರು ಬರೀ ಅಂಕಿ. ದಂಡಿನ ಬೀಡೆಂದರೆ ಬರೀ ಸಿಪಾಯಿಗಳಲ್ಲ. ಹೆಂಗಸರು, ಮಕ್ಕಳು, ಎತ್ತು ಹೊಡೆಯುವವರು ಎಲ್ಲರೂ ಅದರಲ್ಲಿರುತ್ತಿದ್ದರು.

ಹೊಳೆ ಅಷ್ಟು ತುಂಬಿದ್ದೇಕೆ? ಮುನವಳ್ಳಿಯ ಬಯಲಿಗೆ ಬೀಳುವ ಮಳೆ ಕಡಿಮೆ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಪಶ್ಚಿಮಘಟ್ಟದ ನೆತ್ತಿಯ ಮೇಲೆ. ಅರಬ್ಬೀ ಸಮುದ್ರದ ಮೋಡ ಘಟ್ಟವೇರುವಾಗ ತಣ್ಣಗಾಗಿ ಅಲ್ಲಿ ಸುರಿಯುತ್ತದೆ. ಇಲ್ಲಿ ಬಿಸಿಲಿದ್ದರೂ ಹೊಳೆ ಕೆಂಪಾಗಿ ಏರುತ್ತದೆ. ವೆಲ್ಲೆಸ್ಲಿ ಈ ಪಾಠವನ್ನು ಚೆನ್ನಾಗಿ ಕಲಿತ. ತಾನೂ ಹೊಳೆ ದಾಟಲಾಗದೆ ಕಿತ್ತೂರಿನ ಕಡೆ ದೋಣಿ ಮಾಡಿಸಬೇಕಾಯಿತು. ದೋಣಿ ಇದ್ದವನಿಗೆ ತುಂಬಿದ ಹೊಳೆ ಮಿತ್ರ, ಬರೀ ಕುದುರೆ ಇದ್ದವನಿಗೆ ಶತ್ರು ಎಂಬುದು ಮುಂದೆ ಮರಾಠರ ಮೇಲಿನ ಯುದ್ಧದಲ್ಲಿ ಅವನ ಲೆಕ್ಕಾಚಾರವೇ ಆಯಿತು.

ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯ ಮಡಿದ. ಸಾಮಾನಿನ ನಡುವೆ ಅವನ ಎಳೆಯ ಮಗ ಸಲಾಬತ್ ಖಾನ್ ಸಿಕ್ಕ. ಆ ಹುಡುಗನನ್ನು ವೆಲ್ಲೆಸ್ಲಿ ಸಾಕಿದ, ಊರು ಬಿಡುವಾಗ ಖರ್ಚಿಗೆ ಹಣವನ್ನೂ ಇಟ್ಟುಹೋದ. ಮುನವಳ್ಳಿಯಲ್ಲಿ ಮುಳುಗಿಸಿದ ಕೈಯೇ ಕೋಣಗಲ್ಲಿನಲ್ಲಿ ಮಗುವನ್ನು ಎತ್ತಿಕೊಂಡಿತು! ಎರಡನ್ನೂ ಒಟ್ಟಿಗೇ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ.

ಇನ್ನು ಲಂಡನ್. ಆಗ ಇಲ್ಲಿಯ ಗವರ್ನರ್ ಜನರಲ್ ಆಗಿದ್ದವನು ಆರ್ಥರನ ಅಣ್ಣ ರಿಚರ್ಡ್ ವೆಲ್ಲೆಸ್ಲಿ; ಕಲಕತ್ತೆಯಿಂದ ಆಳಿದ ಅವನು ಈ ಹೊಳೆಯನ್ನು ಕಂಡವನಲ್ಲ. 1809ರ ಡಿಸೆಂಬರಿನಲ್ಲಿ ಅವನು ಸ್ಪೆನ್ಸರ್ ಪರ್ಸಿವಲ್‌ನ ಸಂಪುಟದಲ್ಲಿ ವಿದೇಶಾಂಗ ಮಂತ್ರಿಯಾದ. ದೊರೆ ಮೂರನೆಯ ಜಾರ್ಜ್ ಬುದ್ಧಿಸ್ವಾಸ್ಥ್ಯ ಕಳೆದುಕೊಂಡದ್ದರಿಂದ 1811ರ ಫೆಬ್ರುವರಿ 5ರಂದು ಯುವರಾಜ ರೀಜೆಂಟ್ ಆದ. ಹಳೆಯ ಗೆಳೆಯರಾದ ವಿಗ್ ಪಕ್ಷದವರನ್ನು ಕರೆದು ಕೂರಿಸುತ್ತಾನೆಂದು ಎಲ್ಲರೂ ಎಣಿಸಿದ್ದರು. ಅವನು ಪರ್ಸಿವಲ್‌ನನ್ನೇ ಉಳಿಸಿಕೊಂಡ. ಎಲ್ಡನ್ ಲಾರ್ಡ್ ಚಾನ್ಸಲರ್, ಲಿವರ್‌ಪೂಲ್ ಯುದ್ಧಮಂತ್ರಿ. ತಮ್ಮ ಆರ್ಥರ್ ಆಗ ವೆಲ್ಲಿಂಗ್ಟನ್ ಎಂಬ ಹೆಸರಿನಿಂದ ಸ್ಪೇನ್‌ನಲ್ಲಿ ನೆಪೋಲಿಯನ್ನನ ಸೈನ್ಯದೊಡನೆ ಹೋರಾಡುತ್ತಿದ್ದ. ಸಂಪುಟ ಅವನಿಗೆ ಸಾಕಷ್ಟು ಬೆಂಬಲ ಕೊಡುತ್ತಿಲ್ಲವೆಂದು ಅಣ್ಣ 1812ರ ಆರಂಭದಲ್ಲಿ ಮಂತ್ರಿಪದವಿ ಬಿಟ್ಟ. ಅದೇ ಮೇ 11ರಂದು ಪಾರ್ಲಿಮೆಂಟಿನ ಲಾಬಿಯಲ್ಲೇ ಬೆಲ್ಲಿಂಗ್‌ಹ್ಯಾಮ್ ಎಂಬ ವ್ಯಾಪಾರಿ ಪರ್ಸಿವಲ್‌ನನ್ನು ಗುಂಡಿಟ್ಟು ಕೊಂದ. ಲಿವರ್‌ಪೂಲ್ ಪ್ರಧಾನಿಯಾಗಿ 1827ರವರೆಗೂ ಮುಂದುವರಿದ.

ಅವನ ಸರ್ಕಾರದ ಕಾಲದಲ್ಲೇ 1813ರ ಚಾರ್ಟರ್ ಕಾಯಿದೆ ಬಂದಿತು. ಚಹಾ ಮತ್ತು ಚೀನಾ ವ್ಯಾಪಾರ ಬಿಟ್ಟು ಕಂಪನಿಯ ಏಕಸ್ವಾಮ್ಯ ಮುರಿಯಿತು. ವಿಜ್ಞಾನವೂ ಸೇರಿದಂತೆ ವಿದ್ಯೆಗಾಗಿ ಇಡೀ ದೇಶಕ್ಕೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ ಇಡಬೇಕೆಂದಾಯಿತು. ಆ ಒಂದು ಲಕ್ಷದ ಮೇಲೆ ಪ್ರಶ್ನೆ ಪರೀಕ್ಷೆಯಲ್ಲಿ ಬರುತ್ತದೆ, ಮುನವಳ್ಳಿಯ ಮೇಲೆ ಬರುವುದಿಲ್ಲ. ಐದು ವರ್ಷ ಕಳೆದು, 1818ರ ಏಪ್ರಿಲ್‌ನಲ್ಲಿ, ಮನ್ರೋ ಬೆಳಗಾವಿ ಕೋಟೆಯನ್ನು ಹಿಡಿದ.

ಮುನವಳ್ಳಿಗೆ ಹೋಗುವವರು ಒಂದು ವಿಷಯ ಗಮನಿಸಬೇಕು. ಮೇಲ್ಗಡೆ ನವಿಲುತೀರ್ಥದ ಕಮರಿಗೆ ಅಣೆಕಟ್ಟು ಬಂದ ಮೇಲೆ ಇಲ್ಲಿಯ ಹೊಳೆ ಕಣಕುಂಬಿಯ ಮಳೆಗಿಂತ ಗೇಟಿನ ಮಾತನ್ನೇ ಹೆಚ್ಚು ಕೇಳುತ್ತದೆ. ಗೇಟು ತೆರೆದ ಮಳೆಗಾಲದಲ್ಲಿ ಮಾತ್ರ ನೀರು ದಂಡೆ ಮೀರಿ ಬರುತ್ತದೆ. ಆಗ ಮಕ್ಕಳನ್ನು ಅಂಚಿಗೆ ಬಿಡಬಾರದು. ಅಲ್ಲಿಂದ ಸವದತ್ತಿ ಹತ್ತಿರವೇ ಇದೆ.